ಆಟವೋ, ಓದೋ? ಡಾಟ್ ರಿಚರ್ಡ್‌ಸನ್ ಬದುಕಿನ ಎಂಟು ಸೂತ್ರಗಳು

‘ಪಿಯುಸಿ ಬಂತು, ಇನ್ನು ಆಟ ಸಾಕು.’ ಈ ಮಾತು ಕಿವಿಗೆ ಬೀಳದ ಕ್ರೀಡಾಪಟು ನಮ್ಮಲ್ಲಿ ಅಪರೂಪ. ಅಮೆರಿಕದ ಸಾಫ್ಟ್‌ಬಾಲ್ ಆಟಗಾರ್ತಿ ಡಾಟ್ ರಿಚರ್ಡ್‌ಸನ್ ಆಟವನ್ನೂ ಬಿಡಲಿಲ್ಲ, ಓದನ್ನೂ ಬಿಡಲಿಲ್ಲ. ಎರಡು ಒಲಿಂಪಿಕ್ ಚಿನ್ನ ಗೆದ್ದರು, ಮೂಳೆ ಶಸ್ತ್ರವೈದ್ಯೆಯಾದರು, ಆಮೇಲೆ ಆಟ ಕಲಿಸುವ ಗುರುವೂ ಆದರು. ಅದು ಹೇಗೆ ಸಾಧ್ಯವಾಯಿತು?

1. ಸುಳ್ಳು ಹೆಸರಿನಲ್ಲಿ ಗೆಲ್ಲಬೇಡಿ
ಫ್ಲಾರಿಡಾದಲ್ಲಿ ಹತ್ತು ವರ್ಷದ ಡಾಟ್ ಚೆಂಡೆಸೆಯುವುದನ್ನು ಹುಡುಗರ ಬೇಸ್‌ಬಾಲ್ ಕೋಚ್ ಒಬ್ಬರು ಕಂಡರು. ಕೂದಲು ಕತ್ತರಿಸಿಕೊಂಡು ‘ಬಾಬ್’ ಎಂದು ಹೆಸರಿಟ್ಟುಕೊಂಡರೆ ತಂಡಕ್ಕೆ ಸೇರಿಸಿಕೊಳ್ಳುತ್ತೇನೆ ಎಂದರು. ಹುಡುಗಿ ಒಪ್ಪಲಿಲ್ಲ. ಹುಡುಗಿಯಾಗಿಯೇ ಆಡಲು ಸಾಫ್ಟ್‌ಬಾಲ್ ಸಿಕ್ಕಿತು.

2. ನಿಮಗಿಂತ ದೊಡ್ಡವರ ಜೊತೆ ಆಡಿ
13ನೇ ವಯಸ್ಸಿಗೇ ‘ಒರ್ಲಾಂಡೊ ರೆಬೆಲ್ಸ್’ ಮಹಿಳಾ ತಂಡದಲ್ಲಿ ಆಡಿದರು. ಸರೀಕರ ನಡುವೆ ಮೊದಲಿಗಳಾಗುವುದಕ್ಕಿಂತ ಹಿರಿಯರ ನಡುವೆ ಕೊನೆಯವಳಾಗಿ ಕಲಿಯುವುದೇ ಲಾಭ.

3. ಪದಕದ ಜೊತೆ ಪದವಿಯೂ ಇರಲಿ
1982ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯ ತಂಡದ ಪರ ಅಮೆರಿಕದ ಕಾಲೇಜು ಚಾಂಪಿಯನ್ ಪಟ್ಟ. ಆಗ ಸಾಫ್ಟ್‌ಬಾಲ್ ಒಲಿಂಪಿಕ್ಸಿನಲ್ಲೇ ಇರಲಿಲ್ಲ. 1996ಕ್ಕೆ ಸೇರಿಸುವ ತೀರ್ಮಾನ ಬಂದದ್ದು 1991ರಲ್ಲಿ. ಅಷ್ಟರಲ್ಲಿ ಡಾಟ್ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಓದುತ್ತಿದ್ದರು. ಕಾಯುತ್ತ ಕೂತಿದ್ದರೆ ಅತ್ತ ಪದಕವೂ ಇಲ್ಲ, ಇತ್ತ ಪದವಿಯೂ ಇಲ್ಲ. 1993ರಲ್ಲಿ ಡಾಕ್ಟರ್ ಆದರು.

4. ಜಾಗವಿಲ್ಲ ಎಂಬ ನೆಪ ಬೇಡ
ಲಾಸ್ ಏಂಜಲೀಸ್‌ನಲ್ಲಿ ಮೂಳೆ ಚಿಕಿತ್ಸೆಯ ತರಬೇತಿ. ಆಸ್ಪತ್ರೆ ಮುಗಿಸಿ ಬರುವ ಹೊತ್ತಿಗೆ ಮೈದಾನಕ್ಕೆ ಹೋಗುವ ಸಮಯವೆಲ್ಲಿ? ಮಲಗುವ ಕೋಣೆಯಲ್ಲೇ ಬಲೆ ಕಟ್ಟಿ ಬ್ಯಾಟ್ ಬೀಸಿದರು. ಮನೆಯಲ್ಲಿ ಒಂದು ಮೂಲೆಯೂ ಇಲ್ಲ ಎನ್ನುವವರು ಇದನ್ನು ನೆನಪಿಡಿ.

5. ಹೊತ್ತು ನೋಡಿ ರಜೆ ಕೇಳಿ
ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರೆ, ನಿಜ. ಆದರೆ ಒಲಿಂಪಿಕ್ಸ್ ಹತ್ತಿರ ಬಂದಾಗ ಡಾಟ್ ಎರಡರಲ್ಲೂ ಒಟ್ಟಿಗೆ ಕಾಲಿಡಲಿಲ್ಲ. ಒಂದನ್ನು ದಡಕ್ಕೆ ಕಟ್ಟಿ ಇನ್ನೊಂದನ್ನು ಹತ್ತಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿಗಾಗಿ ವೈದ್ಯ ತರಬೇತಿಯಿಂದ ಒಂದು ವರ್ಷ ರಜೆ ಪಡೆದರು. ಕೆಲಸ ಬಿಡುವುದು ಬೇರೆ, ಬಿಡುವು ಕೇಳುವುದು ಬೇರೆ.

6. ತಕರಾರಿಗೆ ತಲೆ ಕೆಡಿಸಿಕೊಳ್ಳಬೇಡಿ
1996ರ ಜುಲೈ 30. ಜಾರ್ಜಿಯಾದ ಕೊಲಂಬಸ್ ಊರಿನಲ್ಲಿ ಚೀನಾ ವಿರುದ್ಧ ಒಲಿಂಪಿಕ್ ಫೈನಲ್. ಮೂರನೇ ಇನಿಂಗ್ಸಿನಲ್ಲಿ ಡಾಟ್ ಹೊಡೆದ ಚೆಂಡು ಬಲಬದಿಯ ಕಂಬದ ಪಕ್ಕದಲ್ಲೇ ಹಾರಿತು. ಕಂಬದ ಒಳಗೋ ಹೊರಗೋ? ಒಳಗಾದರೆ ಹೋಮ್ ರನ್, ಹೊರಗಾದರೆ ಫೌಲ್. ಅಂಪೈರ್ ಹೋಮ್ ರನ್ ಎಂದರು, ಚೀನಾ ತಂಡ ಒಪ್ಪಲಿಲ್ಲ, ಆಟ ನಿಂತಿತು. ಕೊನೆಗೂ ತೀರ್ಪು ಬದಲಾಗಲಿಲ್ಲ. ಎರಡು ರನ್ ಬಂದವು. ಅಮೆರಿಕ 3-1ರಿಂದ ಗೆದ್ದಿತು. ಒಲಿಂಪಿಕ್ ಸಾಫ್ಟ್‌ಬಾಲ್‌ನ ಮೊಟ್ಟಮೊದಲ ಚಿನ್ನ ಅದು. ಆ ಕೂಟದ ಮೊಟ್ಟಮೊದಲ ಹೋಮ್ ರನ್ ಕೂಡ ಡಾಟ್ ಅವರದೇ. ತೀರ್ಪು ಕೊಡುವುದು ಅಂಪೈರ್ ಕೆಲಸ. ಹೊಡೆಯುವುದು ಮಾತ್ರ ನಮ್ಮದು. ಹಾರ ತುರಾಯಿಗಳ ಗದ್ದಲ ಮುಗಿಯುವ ಮೊದಲೇ ಅವರು ಆಸ್ಪತ್ರೆಯ ಡ್ಯೂಟಿಗೆ ಮರಳಿದ್ದರು.

7. ಜಾಗ ಬಿಟ್ಟುಕೊಡಲು ಕಲಿಯಿರಿ
ಅಟ್ಲಾಂಟಾ ಕೂಟದಲ್ಲಿ ಅವರದು ಶಾರ್ಟ್‌ಸ್ಟಾಪ್ ಜಾಗ, ಅಂದರೆ ಎರಡನೇ ಮತ್ತು ಮೂರನೇ ಬೇಸುಗಳ ನಡುವೆ. 2000ದ ಸಿಡ್ನಿಯಲ್ಲಿ ಎರಡನೇ ಬೇಸಿಗೆ ಸರಿದು ನಿಂತರು. ಲೀಗ್ ಹಂತದಲ್ಲಿ ತಂಡ ಸಾಲಾಗಿ ಮೂರು ಪಂದ್ಯ ಸೋತಿತು. ಆದರೂ ಫೈನಲ್ ತಲುಪಿ, ಜಪಾನನ್ನು ಎಂಟನೇ ಇನಿಂಗ್ಸಿನಲ್ಲಿ 2-1ರಿಂದ ಮಣಿಸಿತು. ಜಾಗ ಮುಖ್ಯವಲ್ಲ, ತಂಡದಲ್ಲಿ ಇರುವುದು ಮುಖ್ಯ.

8. ಕಲಿತದ್ದನ್ನು ಕಲಿಸಿ
2013ರಲ್ಲಿ ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ಕೋಚ್ ಆದರು. ಅಲ್ಲಿನ ಹುಡುಗಿಯರು ತರಗತಿ ಮುಗಿಸಿ ಮೈದಾನಕ್ಕೆ ಬರುವವರು. ಓದು-ಆಟ ಎರಡನ್ನೂ ತೂಗಿಸುವುದು ಹೇಗೆಂದು ಅವರಿಗೆ ಹೇಳಿಕೊಡಲು ಇವರಿಗಿಂತ ಬೇರೆ ಪಠ್ಯ ಬೇಕೆ?

ಮೊದಲ ಚಿನ್ನ ಗೆದ್ದಾಗ ಡಾಟ್ ವಯಸ್ಸು 34. ಹದಿನೇಳಕ್ಕೇ ‘ಇನ್ನು ಸಾಕು’ ಎಂದಿದ್ದರೆ ಆ ಪದಕ ಎಲ್ಲಿರುತ್ತಿತ್ತು? ಮಗಳ ಬ್ಯಾಟನ್ನು ಅಟ್ಟಕ್ಕೆ ಎಸೆಯುವ ಮುನ್ನ ಅವಳ ಟೈಂಟೇಬಲ್ ತೆಗೆದು ನೋಡಿ. ಹುಡುಕಿದರೆ ದಿನಕ್ಕೊಂದು ಗಂಟೆ ಸಿಗದೆ ಇರದು.