ಕಾವಲುಗಾರನನ್ನೇ ಕಟ್ಟಿಹಾಕುವ ವೈರಸ್

ವೈರಸ್ ಎಂಬ ಹೆಸರು ಶಿವಮೊಗ್ಗ ಜಿಲ್ಲೆಯವರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳ ಜನರೂ ಜ್ವರದಿಂದ ನರಳಿದರು. ಕಾರಣವಾದ ವೈರಸನ್ನು ವಿಜ್ಞಾನಿಗಳು ಬೇರ್ಪಡಿಸಿ, ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಮಂಗನ ಕಾಯಿಲೆಯೆಂದು ನಾವು ಕರೆಯುವುದು ಇದನ್ನೇ. ಅದನ್ನು ಮನುಷ್ಯನವರೆಗೆ ಹೊತ್ತು ತರುವುದು ಉಣುಗು ಎಂಬ ಸಣ್ಣ ಜೀವಿ.

ಈಗ ನಾವು ವಿಚಾರ ಮಾಡಲಿರುವ ವೈರಸಿಗೆ ಜೀವವಿಲ್ಲ. ಅದು ಯಾರೋ ಕುಳಿತು ಬರೆದ ಆದೇಶಗಳ ಸರಣಿ. ಆದರೂ ಹೆಸರು ಅನ್ವರ್ಥಕವಾದುದು. ಜೀವಕೋಶವನ್ನು ಹೊಕ್ಕ ವೈರಸ್ ಆ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವಂತೆ, ಇದೂ ಕಂಪ್ಯೂಟರಿನ ಇತರ ಪ್ರೋಗ್ರಾಂಗಳೊಳಗೆ ಸೇರಿ ಅವುಗಳ ಮೂಲಕ ತನ್ನ ಪ್ರತಿಗಳನ್ನು ಹರಡುತ್ತದೆ. 1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ ಇಂತಹ ಪ್ರೋಗ್ರಾಮೊಂದನ್ನು ಬರೆದು ತೋರಿಸಿದಾಗ, ಅದಕ್ಕೆ ವೈರಸ್ ಎಂಬ ಹೆಸರನ್ನು ಸೂಚಿಸಿದವರು ಅವನ ಅಧ್ಯಾಪಕ ಲಿಯೊನಾರ್ಡ್ ಏಡಲ್‌ಮನ್.

ಭದ್ರಾವತಿಗೂ ಶಿವಮೊಗ್ಗಕ್ಕೂ ಸುಮಾರು 20 ಕಿಲೋಮೀಟರು ದೂರ. ಬಸ್ಸಿನಲ್ಲಿಯೋ ರೈಲಿನಲ್ಲಿಯೋ ದಿನವೂ ಓಡಾಡುವ ವಿದ್ಯಾರ್ಥಿಗಳು ಬಹಳ. ಭದ್ರಾವತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟ್ ವರದಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಶಿವಮೊಗ್ಗದ ಜೆರಾಕ್ಸ್ ಅಂಗಡಿಯೊಂದರಲ್ಲಿ ಪ್ರಿಂಟ್ ತೆಗೆಸಿದಳೆಂದು ಇಟ್ಟುಕೊಳ್ಳೋಣ. ಆ ಅಂಗಡಿಯ ಕಂಪ್ಯೂಟರಿಗೆ ಎಷ್ಟೋ ಕೈಗಳ ಪೆನ್ ಡ್ರೈವುಗಳು ಬಂದು ಹೋಗಿರುತ್ತವೆ. ಕಾಡಿನಲ್ಲಿ ಉಣುಗು ಮಾಡುವ ಕೆಲಸವನ್ನು ಇಲ್ಲಿ ಪೆನ್ ಡ್ರೈವ್ ಮಾಡುವುದು. ಮನೆಗೆ ಬಂದು ಅದನ್ನು ಚುಚ್ಚಿದರೆ, ಫೋಲ್ಡರುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕಾಣುತ್ತವೆ. ಒಂದನ್ನು ಒತ್ತಿದರೆ ಫೋಲ್ಡರೇನೋ ತೆರೆಯುತ್ತದೆ. ಅದರ ಜೊತೆಗೆ ಮರೆಯಲ್ಲಿ ವೈರಸೂ ಓಡತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿದ್ದ ಆಂಟಿವೈರಸಿನ ಚಿಹ್ನೆ ಇಲ್ಲವಾಗುವುದು. ಆಂಟಿವೈರಸನ್ನು ತೆರೆದರೆ ಕ್ಷಣದಲ್ಲಿ ಮುಚ್ಚಿಕೊಳ್ಳುವುದು. ಬೇರೆಲ್ಲ ವೆಬ್‌ಸೈಟುಗಳು ಬರುತ್ತಿದ್ದರೂ ಆಂಟಿವೈರಸ್ ಕಂಪನಿಯದು ಮಾತ್ರ ಬಾರದು. ವರದಿಯನ್ನು ಒಪ್ಪಿಸಬೇಕಾದುದು ನಾಳೆ!

ನಮ್ಮ ದೇಹದಲ್ಲಿ ಎಚ್.ಐ.ವಿ. ಮಾಡುವುದೂ ಇಂತಹುದೇ ಕೆಲಸ. ಅದು ಹೊಕ್ಕು ಹಾಳುಮಾಡುವುದು ರೋಗದೊಡನೆ ಹೋರಾಡಲೆಂದೇ ಇರುವ ರಕ್ತಕಣಗಳನ್ನು. ಕಂಪ್ಯೂಟರಿನಲ್ಲಿ ಇದು ಹೇಗೆ ಸಾಧ್ಯ? ಆಂಟಿವೈರಸ್ ಸಹ ಒಂದು ಪ್ರೋಗ್ರಾಂ ಎಂಬುದನ್ನು ನಾವು ಮರೆಯಬಾರದು. ವಿಂಡೋಸಿನಂತಹ ಕಾರ್ಯವ್ಯವಸ್ಥೆಯ ಆಶ್ರಯದಲ್ಲಿ ಅದೂ ಉಳಿದ ಪ್ರೋಗ್ರಾಂಗಳಂತೆ ಓಡುತ್ತದೆ. ಯಂತ್ರದ ಒಡೆಯನಿಗಿರುವ ಪೂರ್ಣ ಅಧಿಕಾರ ವೈರಸಿಗೂ ದೊರೆತರೆ, ಅದು ಯಾವ ಪ್ರೋಗ್ರಾಮನ್ನು ಬೇಕಾದರೂ ನಿಲ್ಲಿಸಬಹುದು. ಆ ಅಧಿಕಾರವನ್ನು ಹಲವು ವೇಳೆ ನಾವೇ ಕೊಡುತ್ತೇವೆ: ಪರದೆಯ ಮೇಲೆ ಅನುಮತಿ ಕೇಳುವ ಪೆಟ್ಟಿಗೆ ಮೂಡಿದಾಗ ಓದದೆ ಒಪ್ಪಿಗೆಯನ್ನು ಒತ್ತಿಬಿಡುತ್ತೇವೆ.

2003ರಲ್ಲಿ ಕಾಣಿಸಿಕೊಂಡು ಅನೇಕ ವರ್ಷ ಕಾಡಿದ ಸ್ಯಾಲಿಟಿ ಎಂಬ ವೈರಸ್ ಈ ವಿದ್ಯೆಯಲ್ಲಿ ಪಳಗಿದುದು. ಆಂಟಿವೈರಸುಗಳ ಹೆಸರಿನ ಪಟ್ಟಿಯನ್ನು ಅದು ತನ್ನೊಳಗೇ ಇಟ್ಟುಕೊಂಡಿತ್ತು. ಪಟ್ಟಿಯಲ್ಲಿರುವ ಯಾವುದು ಓಡಿದರೂ ನಿಲ್ಲಿಸುತ್ತಿತ್ತು. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರನ್ನು ಮುಚ್ಚಿಹಾಕುತ್ತಿತ್ತು. ಕಷ್ಟಕಾಲದಲ್ಲಿ ವಿಂಡೋಸನ್ನು ಕನಿಷ್ಠ ಸಾಮಗ್ರಿಯೊಡನೆ ಆರಂಭಿಸುವ ಸೇಫ್ ಮೋಡ್ ಎಂಬ ಹಿಂಬಾಗಿಲಿದೆಯಷ್ಟೆ. ಅದಕ್ಕೆ ಬೇಕಾದ ದಾಖಲೆಗಳನ್ನೇ ಅಳಿಸಿ ಆ ಬಾಗಿಲನ್ನೂ ಹಾಕಿಬಿಡುತ್ತಿತ್ತು. 2008ರ ನವೆಂಬರಿನಲ್ಲಿ ಹೊರಬಿದ್ದ ಕಾನ್‌ಫಿಕರ್ ವಿಂಡೋಸಿನ ಅಪ್‌ಡೇಟ್ ವ್ಯವಸ್ಥೆಯನ್ನು ನಿಲ್ಲಿಸಿ, ಆಂಟಿವೈರಸ್ ಕಂಪನಿಗಳ ವೆಬ್‌ಸೈಟುಗಳಿಗೆ ಹೋಗುವ ದಾರಿಯನ್ನೂ ತಡೆಯಿತು. ಅದನ್ನು ಬರೆದವರ ಸುಳಿವು ಕೊಟ್ಟವರಿಗೆ 2009ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 2,50,000 ಡಾಲರುಗಳ ಬಹುಮಾನವನ್ನು ಸಾರಿತು. ವಿಚಿತ್ರವೆಂದರೆ, ಕಾನ್‌ಫಿಕರ್ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಅದೇ ಸಂಸ್ಥೆ ಒಂದು ತಿಂಗಳು ಮೊದಲೇ ಹಂಚಿತ್ತು. ಹಾಕಿಕೊಳ್ಳದವರು ಲಕ್ಷಾಂತರ ಮಂದಿ.

ಕಾವಲುಗಾರನನ್ನು ಕೆಡವುವುದಕ್ಕಿಂತಲೂ ಕುಟಿಲವಾದ ಉಪಾಯ ಇನ್ನೊಂದುಂಟು. ಭದ್ರಾವತಿಯಂತಹ ಕಾರ್ಖಾನೆಯ ಊರಿನವರಿಗೆ ಇದು ಸುಲಭವಾಗಿ ತಿಳಿದೀತು. ಕಾರ್ಖಾನೆಯ ಉಗ್ರಾಣದಲ್ಲಿ ಏನೇನಿದೆಯೆಂದು ತಪಾಸಣೆಯ ಅಧಿಕಾರಿ ತಾನೇ ಒಳಗೆ ಹೋಗಿ ನೋಡುವುದಿಲ್ಲ. ಗುಮಾಸ್ತನನ್ನು ಕೇಳಿ ಅವನು ಓದಿದ ಪಟ್ಟಿಯನ್ನು ಬರೆದುಕೊಳ್ಳುತ್ತಾನೆ. ಗುಮಾಸ್ತನೇ ಕಳ್ಳನ ಕೈವಶವಾಗಿದ್ದರೆ? ಪಟ್ಟಿಯಲ್ಲಿ ಒಂದು ಸಾಲನ್ನು ಬಿಟ್ಟು ಓದಿದರೆ ಸಾಕು. ಆಂಟಿವೈರಸಿನ ಪಾಡೂ ಇದೇ. ಡಿಸ್ಕಿನಲ್ಲಿ ಯಾವ ಫೈಲುಗಳಿವೆಯೆಂದು ಅದು ಕಾರ್ಯವ್ಯವಸ್ಥೆಯನ್ನು ಕೇಳುತ್ತದೆ. ಕಾರ್ಯವ್ಯವಸ್ಥೆಯ ಒಳತಿರುಳಿಗೆ ಇಳಿದ ವೈರಸ್ ಆ ಉತ್ತರವನ್ನು ನಡುದಾರಿಯಲ್ಲಿ ತಿದ್ದಿ, ತನ್ನ ಹೆಸರನ್ನು ತೆಗೆದುಹಾಕುತ್ತದೆ. ರೂಟ್‌ಕಿಟ್ ಎಂದು ಕರೆಯುವುದು ಈ ಬಗೆಯನ್ನು. ಅಂತಹ ಯಂತ್ರದಲ್ಲಿ ಆಂಟಿವೈರಸ್ ನೆಟ್ಟಗೆ ಓಡಿ, ಎಲ್ಲವೂ ಶುದ್ಧವಾಗಿದೆಯೆಂದು ಹಸಿರು ಗುರುತನ್ನು ತೋರಿಸಿದರೂ ಅದಕ್ಕೆ ಬೆಲೆಯಿಲ್ಲ. ಒಂದರ ಮೇಲೊಂದು ಆಂಟಿವೈರಸನ್ನು ತಂದು ಹಾಕುವವರು ಈ ಅಂಶವನ್ನು ಗಮನಿಸುವುದಿಲ್ಲ; ಗುಮಾಸ್ತನನ್ನು ಬದಲಿಸದೆ ಅಧಿಕಾರಿಗಳನ್ನು ಬದಲಿಸಿ ಪ್ರಯೋಜನವೇನು?

ಆದುದರಿಂದ ಪರೀಕ್ಷೆ ಹೊರಗಿನಿಂದ ನಡೆಯಬೇಕು. ವೈರಸ್ ಹಾರ್ಡ್ ಡಿಸ್ಕಿನಲ್ಲಿ ಬರೆದಿಟ್ಟ ಅಕ್ಷರಗಳಂತೆ ಬಿದ್ದಿರುವುದು. ಅದನ್ನು ಓಡಿಸಿದಾಗ ಮಾತ್ರ ಅದಕ್ಕೆ ಬಲ ಬರುವುದು. ಕಂಪ್ಯೂಟರನ್ನು ಅದರದೇ ವಿಂಡೋಸಿನಿಂದ ಆರಂಭಿಸದೆ, ಶುದ್ಧವಾದ ಬೇರೊಂದು ಪೆನ್ ಡ್ರೈವಿನಲ್ಲಿರುವ ಪುಟ್ಟ ಕಾರ್ಯವ್ಯವಸ್ಥೆಯಿಂದ ಆರಂಭಿಸಿದರೆ, ಡಿಸ್ಕಿನಲ್ಲಿರುವ ವೈರಸ್ ಎಚ್ಚರಗೊಳ್ಳುವುದೇ ಇಲ್ಲ. ಆಗ ಅದು ಸುಳ್ಳು ಹೇಳಲಾರದು, ಯಾರನ್ನೂ ತಡೆಯಲಾರದು.

ಇದಕ್ಕಾಗಿ ಮೊದಲು ರೋಗ ತಗಲಿದ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ ಆರಿಸಬೇಕು. ಅನಂತರ ನಂಬಿಕೆಯ ಮತ್ತೊಂದು ಕಂಪ್ಯೂಟರಿನಲ್ಲಿ, ಆಂಟಿವೈರಸ್ ಕಂಪನಿಗಳು ಉಚಿತವಾಗಿ ಕೊಡುವ ರೆಸ್ಕ್ಯೂ ಡಿಸ್ಕನ್ನು ಇಳಿಸಿಕೊಂಡು ಖಾಲಿ ಪೆನ್ ಡ್ರೈವಿಗೆ ಬರೆಯಬೇಕು. ಕ್ಯಾಸ್ಪರ್‌ಸ್ಕಿ, ಡಾಕ್ಟರ್ ವೆಬ್ ಕಂಪನಿಗಳ ರೆಸ್ಕ್ಯೂ ಡಿಸ್ಕುಗಳು ಲಿನಕ್ಸ್ ಆಧಾರಿತವಾದುವು. ಕಂಪ್ಯೂಟರನ್ನು ಹೊತ್ತಿಸಿದೊಡನೆ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ (ಯಾವುದೆಂಬುದು ತಯಾರಕರನ್ನು ಅವಲಂಬಿಸಿದೆ) ಯಾವುದರಿಂದ ಆರಂಭವಾಗಬೇಕೆಂದು ಆಯ್ದುಕೊಳ್ಳಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಹುಡುಕಿಟ್ಟುಕೊಳ್ಳುವುದು ಮೇಲು. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂಬ ಸೌಕರ್ಯ ಒಳಗೇ ಇದೆ. ಅದೂ ಯಂತ್ರವನ್ನು ಮತ್ತೆ ಆರಂಭಿಸಿ, ವಿಂಡೋಸ್ ಏಳುವ ಮೊದಲೇ ಹುಡುಕುವುದು. ಮೊದಲ ಪ್ರಯತ್ನಕ್ಕೆ ಅದು ಸಾಕು. ಹಟಮಾರಿ ವೈರಸಿಗೆ ಹೊರಗಿನ ಡಿಸ್ಕೇ ಸರಿಯೆಂದು ನನ್ನ ಅಭಿಪ್ರಾಯ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಇಂತಹ ಶುದ್ಧಿಗೆ ಉಚಿತ ಸಾಧನಗಳನ್ನು ಒದಗಿಸುತ್ತದೆ.

ಹೀಗೆ ಹುಡುಕಿದರೆ ಎಲ್ಲವೂ ಸಿಕ್ಕೀತೇ? ಇಲ್ಲಿ ಕೋಹೆನ್ ಮಾಡಿದ ಇನ್ನೊಂದು ಕೆಲಸ ನೆನಪಿಗೆ ಬರುವುದು. ಎಲ್ಲ ವೈರಸುಗಳನ್ನೂ ತಪ್ಪದೆ ಗುರುತಿಸುವ ಪರೀಕ್ಷಕ ಪ್ರೋಗ್ರಾಂ ಇರುವುದು ಅಸಾಧ್ಯವೆಂದು ಅವನು ತರ್ಕದಿಂದಲೇ ತೋರಿಸಿದನು. ಅಂತಹ ಪರೀಕ್ಷಕ ಇದೆಯೆಂದು ಭಾವಿಸಿರಿ. ಈಗ ಒಬ್ಬನು ಹೊಸ ಪ್ರೋಗ್ರಾಂ ಬರೆಯುತ್ತಾನೆ. ಅದು ಆ ಪರೀಕ್ಷಕನನ್ನೇ ಕರೆದು, ‘ನಾನು ವೈರಸೋ?’ ಎಂದು ಕೇಳುತ್ತದೆ. ‘ಹೌದು’ ಎಂದರೆ ಏನೂ ಮಾಡದೆ ಸುಮ್ಮನಿರುತ್ತದೆ. ‘ಅಲ್ಲ’ ಎಂದರೆ ಹರಡತೊಡಗುತ್ತದೆ. ಪರೀಕ್ಷಕನ ಉತ್ತರ ಯಾವುದಾದರೂ ತಪ್ಪೇ! ಕಾಲೇಜಿನಲ್ಲಿ ಗಣಿತ ಓದುವವರು ಈ ಯುಕ್ತಿಯನ್ನು ಸಾವಧಾನವಾಗಿ ಬಿಡಿಸಿ ನೋಡಬೇಕು. ಟ್ಯೂರಿಂಗ್ 1936ರಲ್ಲಿ ಹಿಡಿದ ದಾರಿಗೆ ಇದು ಹತ್ತಿರದ್ದು.

ಹೀಗಿರುವುದರಿಂದ, ಸ್ಯಾಲಿಟಿಯಂತೆ ನೂರಾರು ಪ್ರೋಗ್ರಾಂ ಫೈಲುಗಳೊಳಗೆ ಸೇರಿಕೊಂಡ ವೈರಸನ್ನು ಒಂದೊಂದಾಗಿ ಕೀಳುವುದಕ್ಕಿಂತ, ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದೇ ಎಷ್ಟೋ ಸಲ ಕ್ಷೇಮಕರ. ನಮ್ಮ ವಿದ್ಯಾರ್ಥಿನಿಯ ವರದಿ ಹಾಳಾಗಬೇಕಾಗಿಲ್ಲ. ಅದೇ ರೆಸ್ಕ್ಯೂ ಡಿಸ್ಕಿನಿಂದ ಯಂತ್ರವನ್ನು ಆರಂಭಿಸಿ, ಬರಹ, ಚಿತ್ರ, ಪಿಡಿಎಫ್ ಇವುಗಳನ್ನು ಮಾತ್ರ ಬೇರೆಡೆಗೆ ಎತ್ತಿಟ್ಟುಕೊಳ್ಳಬಹುದು. ಪೆನ್ ಡ್ರೈವಿನಲ್ಲಿ ಕಾಣದಾದ ಫೋಲ್ಡರುಗಳೂ ಸಾಮಾನ್ಯವಾಗಿ ಅಳಿದಿರುವುದಿಲ್ಲ. ವೈರಸ್ ಅವುಗಳಿಗೆ ಅಡಗಿರುವ ಗುರುತು ಹಾಕಿರುತ್ತದೆ, ಅಷ್ಟೆ. ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ ಅಥವಾ ಎಸ್‌ಸಿಆರ್ ಎಂದಿರುವುದನ್ನು ಮಾತ್ರ ತರಬಾರದು, ಅದು ಎಷ್ಟೇ ಪ್ರಿಯವಾದ ಆಟವಾಗಿದ್ದರೂ.

ಶುದ್ಧಿಯಾದ ಮೇಲೆ ಇ-ಮೇಲ್, ಬ್ಯಾಂಕುಗಳ ಪಾಸ್‌ವರ್ಡುಗಳನ್ನು ಬದಲಿಸಬೇಕು. ಹಳೆಯವು ವೈರಸಿನ ಕಣ್ಣಿಗೆ ಬಿದ್ದಿರಬಹುದು. ಮನೆಯಲ್ಲಿರುವ ಬೇರೆ ಪೆನ್ ಡ್ರೈವುಗಳನ್ನೂ ಮೊಬೈಲಿನ ಮೆಮೊರಿ ಕಾರ್ಡನ್ನೂ ಅದೇ ದಿನ ಪರೀಕ್ಷಿಸತಕ್ಕದ್ದು. ವಿಂಡೋಸಿಗಾಗಿ ಬರೆದ ವೈರಸ್ ಮೊಬೈಲಿನಲ್ಲಿ ಓಡಲಾರದು. ಆದರೆ ಕಾರ್ಡಿನಲ್ಲಿ ಸುಮ್ಮನೆ ಬಿದ್ದಿದ್ದು, ಅದನ್ನು ಕಂಪ್ಯೂಟರಿಗೆ ಸೇರಿಸುವ ದಿನದವರೆಗೆ ಕಾದಿರಬಲ್ಲುದು.