ಕುದುರೆ ಜಿ5ಕ್ಕೆ ಹಾರಿದಾಗ

ಮಕ್ಕಳ ಚೆಸ್ ಟೂರ್ನಿಯ ಮೊದಲ ಸುತ್ತಿನಲ್ಲಿ ಹತ್ತೇ ನಿಮಿಷಕ್ಕೆ ಮುಖ ಸಣ್ಣಗೆ ಮಾಡಿಕೊಂಡು ಎದ್ದು ಬರುವವರಲ್ಲಿ ಎಷ್ಟೋ ಮಂದಿ ಬಿದ್ದಿರುವುದು ಒಂದೇ ಹಳ್ಳಕ್ಕೆ: ಫ್ರೈಡ್ ಲಿವರ್ ಅಟ್ಯಾಕ್. ಹೆಸರು ಮಿಲಿಟರಿ ಹೋಟೆಲಿನ ಮೆನುವಿನಿಂದ ಎದ್ದು ಬಂದಂತಿದೆ, ಬಲೆಗೆ ಮಾತ್ರ ನಾನೂರು ವರ್ಷ ವಯಸ್ಸು. ಕಪ್ಪು ಕಾಯಿ ಆಡುವವರು ಪಾರಾಗಲು ಅರ್ಧ ಗಂಟೆಯ ಅಭ್ಯಾಸ ಸಾಕು.

ಬೋರ್ಡ್ ಜೋಡಿಸಿ. ಬಿಳಿ ಕಾಲಾಳು ಇ4, ಕಪ್ಪು ಕಾಲಾಳು ಇ5. ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6. ಬಿಳಿ ಒಂಟೆ ಸಿ4ಕ್ಕೆ ಬಂದರೆ ಅದೇ ಇಟಾಲಿಯನ್ ಓಪನಿಂಗ್. ಕಪ್ಪಿನ ಇನ್ನೊಂದು ಕುದುರೆ ಎಫ್6ಕ್ಕೆ ಬರಲಿ. ಈಗ ಬಿಳಿ ಕುದುರೆ ಜಿ5ಕ್ಕೆ ಹಾರುತ್ತದೆ. ಎಫ್7ರ ಕಾಲಾಳಿನ ಮೇಲೆ ಒಂಟೆ, ಕುದುರೆ ಎರಡರ ಕಣ್ಣೂ ಬಿದ್ದಿದೆ, ಕಾವಲಿಗೆ ರಾಜನೊಬ್ಬನೇ. ಒಂಟೆಯ ದಾರಿಗೆ ಅಡ್ಡವಾಗಿ ಕಾಲಾಳನ್ನು ಡಿ5ಕ್ಕೆ ತಳ್ಳಿ. ಬಿಳಿ ಕಾಲಾಳು ಅದನ್ನು ಹೊಡೆಯುತ್ತದೆ.

ಇಲ್ಲಿ ನಿಲ್ಲಿ. ಎಫ್6ರ ಕುದುರೆಯಿಂದ ತಿರುಗಿ ಹೊಡೆಯಲು ಕೈ ತುರಿಸುತ್ತದೆ. ಹೊಡೆದಿರೋ, ಬಿಳಿ ಕುದುರೆ ಎಫ್7ಕ್ಕೆ ನುಗ್ಗಿ ಮಂತ್ರಿ, ಆನೆ ಎರಡಕ್ಕೂ ಒಟ್ಟಿಗೆ ಗುರಿಯಿಡುತ್ತದೆ. ರಾಜ ಅದನ್ನು ಹೊಡೆದ ಕೂಡಲೇ ಬಿಳಿ ಮಂತ್ರಿ ಎಫ್3ರಿಂದ ಚೆಕ್ ಕೊಡುತ್ತಾನೆ. ಡಿ5ರ ಕುದುರೆಯೂ ಅವನ ಬಾಯಿಗೇ. ಕುದುರೆ ಉಳಿಯಬೇಕಾದರೆ ರಾಜ ಇ6ಕ್ಕೆ, ಅಂದರೆ ನಡುಬೀದಿಗೆ ಬರಬೇಕು. ಟೂರ್ನಿಯಲ್ಲಿ ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮ ಬೇರೆ ಇದೆ. ಹಾಗಾಗಿ ಐದನೇ ನಡೆಗೆ ಮುಂಚೆ ಎರಡೂ ಕೈ ತೊಡೆಯ ಕೆಳಗಿರಲಿ. ತಮಾಷೆಗೆ ಹೇಳುತ್ತಿಲ್ಲ.

ಆಡಬೇಕಾದದ್ದು ಸಿ6ರ ಕುದುರೆಯನ್ನು, ಎ5ಕ್ಕೆ. ಕುದುರೆಯನ್ನು ಅಂಚಿಗೆ ಕೊಂಡೊಯ್ಯಬಾರದೆಂಬ ಪಾಠವನ್ನು ಇಲ್ಲಿ ಬದಿಗಿಡಿ. ಅದು ಸಿ4ರ ಒಂಟೆಯನ್ನು ಎಬ್ಬಿಸುತ್ತದೆ. ಒಂಟೆ ಬಿ5ರಿಂದ ಚೆಕ್ ಕೊಟ್ಟರೆ ಸಿ ಸಾಲಿನ ಕಾಲಾಳನ್ನು ಒಂದು ಮನೆ ಸರಿಸಿ ಅಡ್ಡಹಾಕಿ. ಬಿಳಿ ಹೊಡೆದಾಗ ಬಿ ಸಾಲಿನ ಕಾಲಾಳಿನಿಂದ ಹೊಡೆಯಿರಿ. ಒಂಟೆ ಸಾಮಾನ್ಯವಾಗಿ ಇ2ಕ್ಕೆ ಹಿಮ್ಮೆಟ್ಟುತ್ತದೆ. ಎಚ್6ಕ್ಕೆ ಕಾಲಾಳಿಟ್ಟು ಕುದುರೆಯನ್ನೂ ಓಡಿಸಿ, ಬಳಿಕ ಇ5ರ ಕಾಲಾಳನ್ನು ಇ4ಕ್ಕೆ ನುಗ್ಗಿಸಿ. ಒಂದು ಕಾಲಾಳು ಕಡಿಮೆ, ನಿಜ. ಆದರೆ ಬಿಳಿಯ ಎಡಗಡೆಯ ಆನೆ, ಕುದುರೆ, ಒಂಟೆ ಇನ್ನೂ ಮನೆಯಲ್ಲೇ ಕೂತಿವೆ.

ಇಷ್ಟೆಲ್ಲ ನೆನಪಿಡುವುದು ಕಷ್ಟವೆನ್ನುವ ಚಿಕ್ಕವರು ಮೂರನೇ ನಡೆಯಲ್ಲೇ ಕುದುರೆಯ ಬದಲು ಒಂಟೆಯನ್ನು ಸಿ5ಕ್ಕೆ ತರಲಿ. ಆಗಲೂ ಅಭ್ಯಾಸಬಲದಿಂದ ಜಿ5ಕ್ಕೆ ಕುದುರೆ ಹಾರಿಸುವವರಿದ್ದಾರೆ. ಡಿ8ರ ಮಂತ್ರಿಗೆ ದಾರಿ ತೆರೆದೇ ಇರುತ್ತದೆ, ಕುದುರೆ ಪುಕ್ಕಟೆ.