ಲೇಖನ ಪ್ರಕಟವಾಯಿತು, ಓದುವವರಿಗೆ ಸಿಕ್ಕಿತೇ?

ಉತ್ತರ ಕೊಡಗಿನ ಅರೇಬಿಕಾ ತೋಟಗಳಲ್ಲಿ ಬಿಳಿ ಕಾಂಡಕೊರಕದ ಕಾಟ, ಪುಷ್ಪಗಿರಿ ವನ್ಯಧಾಮದ ಅಂಚಿನ ಮರಗಿಡ, ದೇವರಕಾಡುಗಳ ಒತ್ತುವರಿ. ಇಂಥ ವಿಷಯ ಹಿಡಿದು ಸೋಮವಾರಪೇಟೆ ಕಡೆ ಬರುವ ಸಂಶೋಧಕರಿಗೆ ಬರವಿಲ್ಲ. ತೋಟದವರು ಕೆಲಸ ಬಿಟ್ಟು ಪ್ರಶ್ನಾವಳಿಗೆ ಉತ್ತರ ಹೇಳುತ್ತಾರೆ, ಮಣ್ಣು-ಎಲೆಯ ಮಾದರಿ ಕೊಡುತ್ತಾರೆ. ಒಂದೆರಡು ವರ್ಷದ ಮೇಲೆ ಲೇಖನ ಯಾವುದೋ ವಿದೇಶಿ ಜರ್ನಲ್‌ನಲ್ಲಿ ಬರುತ್ತದೆ. ಶಾಂತಳ್ಳಿಯಲ್ಲಿ ಕೂತು ಮೊಬೈಲಿನಲ್ಲಿ ತೆರೆದರೆ ಕಾಣುವುದು ಸಾರಾಂಶ ಮಾತ್ರ. ಪೂರ್ತಿ ಓದಬೇಕೆಂದರೆ 30-40 ಡಾಲರ್ ಕಟ್ಟಬೇಕು.

2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಇದು ದೊಡ್ಡ ಅನುಕೂಲವೇ. ಆದರೆ ಬೆಳೆಗಾರರಿಗೆ, ಪತ್ರಕರ್ತರಿಗೆ, ಕೆಲಸದಿಂದ ನಿವೃತ್ತರಾದ ಮೇಷ್ಟರಿಗೆ ಅದರಲ್ಲಿ ಜಾಗವಿಲ್ಲ. ಅವರಿಗೂ ತಲುಪಬೇಕಾದರೆ ಲೇಖಕರೇ ಕೈ ಹಾಕಬೇಕು.

ಓಪನ್ ಆಕ್ಸೆಸ್ (ಮುಕ್ತ ಪ್ರವೇಶ) ಎಂದರೆ ನಮ್ಮ ಅಧ್ಯಾಪಕರಿಗೆ ಮೊದಲು ನೆನಪಾಗುವುದು ಶುಲ್ಕ. ಕೆಲವು ದೊಡ್ಡ ಜರ್ನಲ್‌ಗಳು ಲೇಖಕರಿಂದ ಸಾವಿರಾರು ಡಾಲರ್ ಕೇಳುವುದು ನಿಜ. ಆದರೆ ಒಂದು ರೂಪಾಯಿ ಖರ್ಚಿಲ್ಲದ ದಾರಿಯೂ ಇದೆ: ಚಂದಾ ಜರ್ನಲ್‌ನಲ್ಲೇ ಪ್ರಕಟಿಸಿ, ನಿಮ್ಮ ಪ್ರತಿಯೊಂದನ್ನು ರೆಪಾಸಿಟರಿಯಲ್ಲಿ, ಅಂದರೆ ಸಾರ್ವಜನಿಕ ಡಿಜಿಟಲ್ ಸಂಗ್ರಹದಲ್ಲಿ, ಇಡುವುದು. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ‘ಇ-ಪ್ರಿಂಟ್ಸ್’ ಸಂಗ್ರಹ ತೆರೆಯಿತು. ದೇಶದ ಸಂಸ್ಥೆಗಳಲ್ಲಿ ಅದೇ ಮೊದಲನೆಯದು.

ಮೊದಲ ಹೆಜ್ಜೆ: ಸರಿಯಾದ ಫೈಲ್ ಉಳಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಲೇಖನಕ್ಕೆ ಮೂರು ರೂಪಗಳಿರುತ್ತವೆ. ಜರ್ನಲ್‌ಗೆ ಮೊದಲು ಕಳಿಸಿದ್ದು ಪ್ರಿಪ್ರಿಂಟ್. ತಜ್ಞರ ಪರಿಶೀಲನೆ ಮುಗಿದು, ತಿದ್ದಿ, ಸಂಪಾದಕರು ಒಪ್ಪಿದ ಕೊನೆಯ ವರ್ಡ್ ಫೈಲ್ ‘ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್’. ಪ್ರಕಾಶಕರು ಪುಟ ವಿನ್ಯಾಸ ಮಾಡಿ ಲೋಗೊ ಹಾಕಿದ ಪಿಡಿಎಫ್ ಮೂರನೆಯದು. ಚಂದಾ ಜರ್ನಲ್‌ಗಳು ಸಾಮಾನ್ಯವಾಗಿ ಹಂಚಲು ಬಿಡುವುದು ಎರಡನೆಯದನ್ನು. ನಮ್ಮವರು ಸಾಮಾನ್ಯವಾಗಿ ಕಳೆದುಕೊಳ್ಳುವುದೂ ಅದನ್ನೇ! ಒಪ್ಪಿಗೆಯ ಇ-ಮೇಲ್ ಬಂದ ದಿನವೇ ಆ ಫೈಲಿಗೆ ಹೆಸರು, ದಿನಾಂಕ ಹಾಕಿ ಬೇರೆ ಫೋಲ್ಡರ್‌ನಲ್ಲಿ ಇಡಿ. ಜೊತೆಗೆ ಸಹಿ ಹಾಕಿದ ಹಕ್ಕು ವರ್ಗಾವಣೆ ಪತ್ರವನ್ನೂ ಇಡಿ.

ಎರಡನೆಯದು: ಪ್ರಕಾಶಕರ ನಿಯಮ ನೋಡಿ

ಬ್ರಿಟನ್ನಿನ ಜಿಸ್ಕ್ ಸಂಸ್ಥೆಯ ‘ಓಪನ್ ಪಾಲಿಸಿ ಫೈಂಡರ್’ನಲ್ಲಿ (ಹಳಬರಿಗೆ ಇದು ‘ಶೆರ್ಪಾ ರೋಮಿಯೊ’) ಜರ್ನಲ್ ಹೆಸರು ಅಥವಾ ಐಎಸ್‌ಎಸ್‌ಎನ್ ಸಂಖ್ಯೆ ಕೊಟ್ಟರೆ ಯಾವ ರೂಪವನ್ನು, ಎಲ್ಲಿ, ಎಷ್ಟು ಕಾಲದ ಮೇಲೆ ಇಡಬಹುದು ಎಂಬುದು ಸಿಗುತ್ತದೆ. ಈ ಕಾಯುವ ಅವಧಿಗೆ ಎಂಬಾರ್ಗೊ ಎನ್ನುತ್ತಾರೆ. 12 ತಿಂಗಳು ಸಾಮಾನ್ಯ, ಸಮಾಜವಿಜ್ಞಾನಗಳಲ್ಲಿ ಇನ್ನೂ ಹೆಚ್ಚಿರಬಹುದು.

ಕನ್ನಡದ ಸಂಶೋಧನಾ ಪತ್ರಿಕೆಗಳು ಅಲ್ಲಿ ಸಿಗುವುದು ಅಪರೂಪ. ಆಗ ಸಂಪಾದಕರಿಗೇ ಬರೆಯಿರಿ: ‘ನಿಮ್ಮ ಪತ್ರಿಕೆಯ ಇಂಥ ಸಂಚಿಕೆಯಲ್ಲಿ ಬಂದ ನನ್ನ ಲೇಖನವನ್ನು, ಮೂಲ ಪ್ರಕಟಣೆಯ ವಿವರ ನಮೂದಿಸಿ, ಉಚಿತ ಓದಿಗಾಗಿ ರೆಪಾಸಿಟರಿಯಲ್ಲಿ ಇಡಲು ಒಪ್ಪಿಗೆ ಕೊಡಬೇಕಾಗಿ ವಿನಂತಿ.’ ಇಷ್ಟು ಸಾಕು. ಬಂದ ಉತ್ತರವನ್ನು ಅಳಿಸಬೇಡಿ. ಸಹಲೇಖಕರಿದ್ದರೆ ಅವರ ಒಪ್ಪಿಗೆಯನ್ನೂ ಇದೇ ಹಂತದಲ್ಲಿ ಪಡೆಯಿರಿ.

ಎಲ್ಲಿ ಇಡಬೇಕು?

ನಿಮ್ಮ ವಿಶ್ವವಿದ್ಯಾಲಯಕ್ಕೆ ಸ್ವಂತ ರೆಪಾಸಿಟರಿ ಇದ್ದರೆ ಅದೇ ಮೊದಲ ಆಯ್ಕೆ, ಗ್ರಂಥಪಾಲಕರನ್ನು ಕೇಳಿ. ಕೃಷಿ, ತೋಟಗಾರಿಕೆ, ಅರಣ್ಯ ವಿಷಯದವರಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ‘ಕೃಷಿಕೋಶ’ ಇದೆ. ಪರಿಷತ್ತು 2013ರಲ್ಲೇ ಮುಕ್ತ ಪ್ರವೇಶ ನೀತಿ ತಂದಿದೆ. ಜೈವಿಕ ತಂತ್ರಜ್ಞಾನ ಇಲಾಖೆ ಅಥವಾ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಣ ಪಡೆದವರಿಗೆ 2014ರ ನೀತಿ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿ ಇಡುವುದು ಔದಾರ್ಯವಲ್ಲ, ಹೊಣೆ. ಪಿಎಚ್.ಡಿ. ಮಹಾಪ್ರಬಂಧವನ್ನು ವಿಶ್ವವಿದ್ಯಾಲಯವೇ ‘ಶೋಧಗಂಗಾ’ಕ್ಕೆ ಸೇರಿಸಬೇಕು. ಸೇರಿಸಿದೆಯೇ ಎಂದು ಒಮ್ಮೆ ಹುಡುಕಿ ನೋಡಿ.

ಇದ್ಯಾವುದೂ ಇಲ್ಲದ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕರಿಗೆ ನಾನು ಹೇಳುವುದು ‘ಝೆನೊಡೊ’. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಇದು ಎಲ್ಲ ವಿಷಯದವರಿಗೂ ಉಚಿತ, ಶಾಶ್ವತ ಡಿಒಐ ಸಂಖ್ಯೆಯನ್ನೂ ಕೊಡುತ್ತದೆ. ಖಾತೆಗೆ ಮೊದಲು 16 ಅಂಕಿಯ ಆರ್ಕಿಡ್ (ORCID) ಗುರುತು ಮಾಡಿಸಿಕೊಳ್ಳಿ. ಅದೂ ಉಚಿತ, ಒಂದೇ ಹೆಸರಿನ ಹತ್ತು ಜನರ ನಡುವೆ ನಿಮ್ಮನ್ನು ಬೇರೆಯಾಗಿ ಗುರುತಿಸುತ್ತದೆ. ರಿಸರ್ಚ್‌ಗೇಟ್ ಖಾಸಗಿ ಕಂಪನಿಯ ಜಾಲತಾಣ. ಅಲ್ಲಿ ಹಾಕಿದರೆ ರೆಪಾಸಿಟರಿಯಲ್ಲಿ ಇಟ್ಟಂತೆ ಆಗುವುದಿಲ್ಲ, ಪ್ರಕಾಶಕರ ತಕರಾರೂ ಬರಬಹುದು.

ಕನ್ನಡದಲ್ಲಿ ಬರೆದಿದ್ದರೆ

ಈ ಭಾಗವನ್ನು ನಿಧಾನವಾಗಿ ಓದಿ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಡಿಟಿಪಿ ಮಾಡಿಸಿದ ಲೇಖನ ಕಣ್ಣಿಗೆ ಕನ್ನಡವಾದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಗೂಗಲ್‌ನಲ್ಲಿ ‘ದೇವರಕಾಡು’ ಎಂದು ಎಷ್ಟು ಹುಡುಕಿದರೂ ಅದು ಸಿಗದು. ಅಪ್‌ಲೋಡ್ ಮಾಡುವ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಆಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಮೇಲೆ ಕಣ್ಣಾಡಿಸಿ, ಎಡವಟ್ಟಾಗುವುದು ಅಲ್ಲೇ. ಪಿಡಿಎಫ್ ಮಾಡಿದ ಮೇಲೆ ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿಯಿದೆ ಎಂದರ್ಥ.

ವಿವರ ತುಂಬುವಾಗ ಇಂಗ್ಲಿಷ್ ಶೀರ್ಷಿಕೆ, ಸಾರಾಂಶವನ್ನೂ ಕೊಡಿ. ಕೀಲಿಪದಗಳಲ್ಲಿ ಕೊಡಗು, ಕೂರ್ಗ್ ಎರಡೂ ಇರಲಿ. ಸೋಮವಾರಪೇಟೆಯನ್ನಂತೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಆದ್ದರಿಂದ ಬಳಕೆಯ ಕಾಗುಣಿತಗಳನ್ನೆಲ್ಲ ಸೇರಿಸಿ.

ಅಪ್‌ಲೋಡ್ ಒತ್ತುವ ಮುನ್ನ

ಮೊದಲ ಪುಟದಲ್ಲಿ ಇದು ಅಂಗೀಕೃತ ಪ್ರತಿ ಎಂದೂ ಮೂಲ ಜರ್ನಲ್, ಸಂಪುಟ, ಡಿಒಐ ಯಾವುದೆಂದೂ ಬರೆಯಿರಿ. ಕಾಯುವ ಅವಧಿ ಮುಗಿದಿಲ್ಲವೇ? ಈಗಲೇ ಹಾಕಿ, ತೆರೆಯುವ ದಿನಾಂಕ ಗೊತ್ತುಮಾಡಿ. ಲೈಸೆನ್ಸ್ ಆಯ್ಕೆಯಲ್ಲಿ ಕ್ರಿಯೇಟಿವ್ ಕಾಮನ್ಸ್ ಗುರುತು ಹಾಕುವುದು ಹಕ್ಕು ನಿಮ್ಮಲ್ಲೇ ಇದ್ದರೆ ಅಥವಾ ಪ್ರಕಾಶಕರು ಒಪ್ಪಿದ್ದರೆ ಮಾತ್ರ.

ದತ್ತಾಂಶದ ಫೈಲನ್ನೂ ಸೇರಿಸುವವರು ಉತ್ತರಿಸಿದವರ ಹೆಸರು, ಫೋನ್, ಸರ್ವೆ ನಂಬರ್ ತೆಗೆದುಬಿಡಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿನ ಅಪರೂಪದ ಆರ್ಕಿಡ್, ಔಷಧಿ ಗಿಡ, ಹಳೆಯ ಮರಗಳ ಜಿಪಿಎಸ್ ಬಿಂದುಗಳನ್ನು ಹಾಗೇ ಹಾಕಿದರೆ ಕಳ್ಳರಿಗೆ ನಕ್ಷೆ ಬರೆದುಕೊಟ್ಟಂತೆ. ಗ್ರಾಮದ ಮಟ್ಟಕ್ಕೆ ನಿಲ್ಲಿಸಿ. ಝೆನೊಡೊದಲ್ಲಿ ಒಮ್ಮೆ ಪ್ರಕಟಿಸಿದ್ದನ್ನು ಬೇಕೆಂದಾಗ ಅಳಿಸಲಾಗದು, ಹೊಸ ಆವೃತ್ತಿ ಸೇರಿಸಬಹುದಷ್ಟೆ.

ದುಡ್ಡು ಕೇಳುವ ‘ಮುಕ್ತ’ ಜರ್ನಲ್‌ಗಳು

ಬಡ್ತಿಯ ಅವಸರದಲ್ಲಿರುವವರಿಗೆ ‘ಎರಡು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ’ ಎಂಬ ಸಂದೇಶ ಬಂದೇ ಬರುತ್ತದೆ. ಎರಡು ದಿನದಲ್ಲಿ ತಜ್ಞರ ಪರಿಶೀಲನೆ ನಡೆಯುವುದಿಲ್ಲ. ಯುಜಿಸಿ ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಜರ್ನಲ್‌ನ ಯೋಗ್ಯತೆ ಅಳೆಯುವ ಭಾರ ಈಗ ಕಾಲೇಜು, ಲೇಖಕರ ಮೇಲೇ ಬಿದ್ದಿದೆ. ‘ಡಿಒಎಜೆ’ ಎಂಬ ಮುಕ್ತ ಜರ್ನಲ್‌ಗಳ ಪಟ್ಟಿ ನೋಡಿ. ಅದರಲ್ಲಿ ಶುಲ್ಕವಿಲ್ಲದವನ್ನು ಬೇರ್ಪಡಿಸಿಯೂ ಹುಡುಕಬಹುದು.

ಕೊನೆಯದಾಗಿ ಒಂದು ಕೆಲಸ. ಇಂಗ್ಲಿಷ್ ಲೇಖನವನ್ನು ಉಚಿತವಾಗಿಟ್ಟರೂ ಅದರ ಭಾಷೆ, ಅಂಕಿಅಂಶ ಎಲ್ಲರಿಗೂ ದಕ್ಕುವುದಿಲ್ಲ. ಏನು ಕಂಡಿತು, ತೋಟದಲ್ಲಿ ಏನು ಮಾಡಬಹುದು ಎಂದು ಒಂದು ಪುಟ ಕನ್ನಡದಲ್ಲಿ ಬರೆದು ಅದನ್ನೂ ಪ್ರತ್ಯೇಕವಾಗಿ ಇಡಿ. ಲೇಖನದ ಅನುವಾದವಾಗದೆ ನಿಮ್ಮದೇ ಮಾತಿನಲ್ಲಿ ಹೊಸದಾಗಿ ಬರೆದಿದ್ದರೆ, ಜರ್ನಲ್‌ನ ಚಿತ್ರ-ಕೋಷ್ಟಕಗಳನ್ನು ಎತ್ತಿಕೊಳ್ಳದಿದ್ದರೆ, ಅದಕ್ಕೆ ಎಂಬಾರ್ಗೊ ಇಲ್ಲ. ಮೂಲ ಲೇಖನ ಹೊರಬಂದ ದಿನವೇ ಈ ಕನ್ನಡ ಪುಟದ ಕೊಂಡಿಯನ್ನು ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಬಹುದು.